ಭೂಲ್ ಕೊಡುವ ನರ್ಸುಗಳ ಊರಿನಲ್ಲಿ

ರೈಲಿನ ಅಜ್ಜಿ

ಸ್ಟಾಕ್‌ಹೋಮ್‌ನಿಂದ ಉತ್ತರಕ್ಕೆ ಹೊರಟ ರೈಲಿನಲ್ಲಿ ನನ್ನ ಎದುರಿಗೆ ಕೂತಿದ್ದ ಅಜ್ಜಿಗೆ ಉಸಿರು ಕಟ್ಟುತ್ತಿದೆ ಎಂದು ನನಗೆ ಗಾಬರಿಯಾಯಿತು. ಪಕ್ಕದಲ್ಲಿದ್ದ ಮಗಳೊಡನೆ ಮೆಲ್ಲಗೆ ಮಾತಾಡುತ್ತಿದ್ದ ಅವರು ನಡುನಡುವೆ ತುಟಿ ಚೂಪು ಮಾಡಿ 'ಷುಪ್' ಎಂದು ಗಾಳಿಯನ್ನು ಒಳಗೆಳೆದುಕೊಳ್ಳುತ್ತಿದ್ದರು. ಮೊದಲು ಕೇಳಿದಾಗ ಬಿಕ್ಕಳಿಕೆ ಇರಬೇಕು ಎಂದುಕೊಂಡೆ. ಮತ್ತೆ ಕೇಳಿದಾಗ ಕಿಟಕಿಯಿಂದ ಮುಖ ತಿರುಗಿಸಿ ಅವರ ಎದೆಯನ್ನೇ ನೋಡತೊಡಗಿದೆ. ಇನ್ನೊಮ್ಮೆ ಕೇಳಿದ್ದೇ ತಡ, ಎದ್ದು ಹೋಗಿ ಮಣಿಕಟ್ಟು ಹಿಡಿದು ನಾಡಿ ನೋಡಿದೆ.

ಬೋಗಿಯೇ ನಮ್ಮತ್ತ ತಿರುಗಿತು. ಮೊದಲೇ ಅಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ. ಈಗ ಪಿಸುಮಾತೂ ನಿಂತಿತು. ಅಜ್ಜಿ ಕೈ ಬಿಡಿಸಿಕೊಳ್ಳಲಿಲ್ಲ. ನನ್ನ ಮುಖ ನೋಡಿ ನಕ್ಕರು. ಮಗಳು ಇಂಗ್ಲಿಷಿನಲ್ಲಿ, "ಏನಾಯಿತು?" ಎಂದು ಕೇಳಿದಳು. "ಇವರಿಗೆ ಉಸಿರು..." ಎಂದೆ. ಅವಳಿಗೆ ನಗು ತಡೆಯಲಾಗಲಿಲ್ಲ. ಉತ್ತರ ಸ್ವೀಡನ್ನಿನ ಜನ 'ಹೌದು' ಎನ್ನುವುದೇ ಹಾಗಂತೆ. ಬಾಯಿಬಿಟ್ಟು ಹೇಳುವ ಬದಲು ಉಸಿರನ್ನು ಒಳಗೆ ಎಳೆದುಕೊಳ್ಳುತ್ತಾರೆ, ಅಷ್ಟೇ.

ನಾನು ಗಾಬರಿಯಾದದ್ದಕ್ಕೆ ಕಾರಣ ಇದೆ. ಜಮಖಂಡಿಯ ಒಂದು ಖಾಸಗಿ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಪೇಷಂಟಿನ ತಲೆಯ ಬದಿಗೆ ನಿಂತು, ಉಸಿರು ಏರುವುದನ್ನೂ ಇಳಿಯುವುದನ್ನೂ ನೋಡುತ್ತ ನನ್ನ ಅರ್ಧ ಆಯುಷ್ಯ ಕಳೆದಿದೆ. ಅರಿವಳಿಕೆಗೆ ನಮ್ಮ ಕಡೆ 'ಭೂಲ್' ಅನ್ನುತ್ತಾರೆ. ಭೂಲ್ ಕೊಡುವವರು ಡಾಕ್ಟರು. ಔಷಧಿ ತುಂಬಿಡುವುದು, ಮುಖವಾಡ ಕೈಗಿಡುವುದು, ನಳಿಕೆ ಹಿಡಿದುಕೊಂಡಿರುವುದು, ಪೇಷಂಟು ಏಳುವ ತನಕ ಕಣ್ಣು ಕೀಳದೆ ಕಾಯುವುದು ನಮ್ಮ ಪಾಲು. ಸಿರಿಂಜಿನ ಹಿಡಿ ಒತ್ತುವ ಹಕ್ಕು ಮಾತ್ರ ನಮ್ಮ ದೇಶದಲ್ಲಿ ನರ್ಸಿಗಿಲ್ಲ. ಆ ಹಕ್ಕು ಇರುವ ನರ್ಸುಗಳನ್ನು ಕಣ್ಣಾರೆ ನೋಡಬೇಕೆಂದೇ ನಾನು ನನ್ನೂರು ರಬಕವಿಯಿಂದ ಇಷ್ಟು ದೂರ ಬಂದಿದ್ದೆ.

ಇಳಿಯುವಾಗ ಅಜ್ಜಿ ನನ್ನ ಕೈಯನ್ನು ತಾವಾಗಿ ಹಿಡಿದು ಅದುಮಿದರು.

ಉಮೆಯೋ, ಫರೀದಾಳ ಮನೆ

ಫರೀದಾ ಮುಧೋಳದವಳು. ಮಿರಜಿನಲ್ಲಿ ನರ್ಸಿಂಗ್ ಕಲಿಯುವಾಗ ನಮ್ಮಿಬ್ಬರದು ಒಂದೇ ಕೋಣೆ. ಆಕೆ ಮೊದಲು ಸೌದಿಗೆ ಹೋದಳು, ಅಲ್ಲಿಂದ ಗಂಡನ ಕೆಲಸದ ಬೆನ್ನಿಗೆ ಸ್ವೀಡನ್ನಿಗೆ. ಭಾಷೆ ಕಲಿತು, ಪರೀಕ್ಷೆ ಕಟ್ಟಿ, ವಾರ್ಡಿನಲ್ಲಿ ಕೆಲವು ವರ್ಷ ದುಡಿದು, ಈಗ ಅರಿವಳಿಕೆ ನರ್ಸಿನ ವಿಶೇಷ ತರಬೇತಿಯ ಕೊನೆಯ ತಿಂಗಳುಗಳಲ್ಲಿದ್ದಳು. "ಒಮ್ಮೆ ಬಂದ ನೋಡ ಬೇ ಗಿರಿಜಾ, ಆಮ್ಯಾಲ ಮಾತಾಡೂಣು" ಎಂದು ವರ್ಷಗಟ್ಟಲೆ ಫೋನಿನಲ್ಲಿ ಕಾಡಿದ್ದಳು. ತನ್ನ ಆಸ್ಪತ್ರೆಯಲ್ಲಿ ನಾನು ನಿಂತು ನೋಡಲು ಅನುಮತಿಯನ್ನೂ ಕೇಳಿಟ್ಟಿದ್ದಳು.

ಅವಳ ಊರು ಉಮೆಯೋದ ಸ್ಟೇಷನ್ನಿನಲ್ಲಿ ತಬ್ಬಿಕೊಂಡವಳು ನನ್ನನ್ನು ಬಿಡಲೇ ಇಲ್ಲ. ಅಜ್ಜಿಯ ಕಥೆ ಕೇಳಿ ಪ್ಲಾಟ್‌ಫಾರ್ಮಿನಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಾನೂ ಹಂಗ ಮಾಡಿದ್ನಿ ಲೇ! ಮೊದಲನೇ ವಾರ ಒಬ್ಬ ಪೇಷಂಟ್‌ಗೆ ಆಕ್ಸಿಜನ್ ಹಚ್ಚಾಕ ಹೋಗಿದ್ನಿ."

ಅವಳ ಮನೆ ನಾಲ್ಕು ಅಂತಸ್ತಿನ ಕಟ್ಟಡದಲ್ಲಿ. ಇಲ್ಲಿಯವರೂ ನಮ್ಮಂತೆ ಚಪ್ಪಲಿ ಬಾಗಿಲಲ್ಲೇ ಬಿಡುತ್ತಾರೆ. ಆದರೆ ಹೊರಗೆ ಹೋಗುವ ಮೊದಲು ಬಾಗಿಲಿಗೆ ಕಿವಿಗೊಟ್ಟು, ಮೆಟ್ಟಿಲ ಹತ್ತಿರ ನೆರೆಯವರ ಸಪ್ಪಳ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಚಿಲಕ ತೆಗೆಯುತ್ತಾರೆ. ಎದುರಾದರೆ ಮಾತಾಡಬೇಕಾದೀತಲ್ಲ! ಫರೀದಾಳೂ ಹಾಗೇ ಮಾಡುವುದನ್ನು ನೋಡಿ ನಾನು ಬೆರಗಾದೆ. ಮಿರಜಿನ ಹಾಸ್ಟೆಲ್ಲಿನಲ್ಲಿ ಹಲ್ಲುಜ್ಜುತ್ತಲೂ ಮಾತಾಡುತ್ತಿದ್ದವಳು ಆಕೆ.

ನವೆಂಬರ್ ತಿಂಗಳು. ಮಧ್ಯಾಹ್ನದ ಚಹಾ ಹೊತ್ತಿಗೇ ಬೆಳಕು ಆರುತ್ತಿತ್ತು. ಕಿಟಕಿಕಿಟಕಿಯಲ್ಲೂ ಒಂದೊಂದು ಸಣ್ಣ ದೀಪ. ಯಾರಿಗಾಗಿ ಹಚ್ಚಿಟ್ಟಿದ್ದಾರೋ ತಿಳಿಯದು, ರಸ್ತೆಯಲ್ಲಿ ಯಾರೂ ಇರುವುದಿಲ್ಲ. ನಾನು ತಂದಿದ್ದ ಒಣ ಜೋಳದ ಕಟಕ ರೊಟ್ಟಿಯ ಗಂಟು ಬಿಚ್ಚಿದಾಗ ಫರೀದಾ ಒಂದು ಚೂರು ಮುರಿದು ಬಾಯಿಗಿಟ್ಟು, ಅಗಿಯದೆ ಸುಮ್ಮನೆ ಕೂತಳು.

"ಯಾಕ?" ಎಂದೆ.

"ನೆನಿಲಿ ಅಂತ. ಲಗೂ ಮುಗಿಸಬಾರ್ದು."

ಇಂಗ್ರಿಡ್‌ಳ ಥಿಯೇಟರು

ಇಂಗ್ರಿಡ್ ಫರೀದಾಳಿಗೆ ಕಲಿಸುತ್ತಿದ್ದ ಹಿರಿಯ ಅರಿವಳಿಕೆ ನರ್ಸು. ಎತ್ತರದ ಹೆಂಗಸು, ಅರೆನರೆತ ಕೂದಲು, ಬಹಳ ನಿಧಾನದ ಕೈ. ನನ್ನನ್ನು ಗೋಡೆಯ ಬದಿಗೆ ನಿಲ್ಲಿಸಿ, ಇಂಗ್ಲಿಷಿನಲ್ಲಿ, "ಎಲ್ಲ ನೋಡು, ಏನನ್ನೂ ಮುಟ್ಟಬೇಡ" ಎಂದು ನಕ್ಕಳು.

ಅರಿವಳಿಕೆಯ ಡಾಕ್ಟರ ಹೆಸರು ಲಾರ್ಸ್. ಇಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದು ಕರೆಯುತ್ತಾರೆ. ಎಷ್ಟು ಪ್ರಯತ್ನಿಸಿದರೂ ನನ್ನ ನಾಲಿಗೆ ಒಪ್ಪಲಿಲ್ಲ. "ಲಾರ್ಸ್ ಸರ್" ಎಂದುಬಿಟ್ಟೆ. ಅವತ್ತಿನಿಂದ ಥಿಯೇಟರಿನವರೆಲ್ಲ ಅವರನ್ನು 'ಲಾರ್ಸ್ ಸರ್' ಎಂದೇ ಕರೆಯತೊಡಗಿದರು, ಅವರು ಪ್ರತಿ ಸಲವೂ ಬಾಗಿ ನಮಸ್ಕಾರ ಮಾಡತೊಡಗಿದರು.

ಮೊದಲ ಪೇಷಂಟು ಮರ ಕಡಿಯುವ ಕೆಲಸ ಮಾಡಿದ್ದ ಮುದುಕ. ಹರ್ನಿಯಾದ ಆಪರೇಷನ್. ಅಂಥ ದೊಡ್ಡ ಕೈಗಳು ಚಾದರವನ್ನು ಹಿಂಡುತ್ತಿದ್ದವು. ಲಾರ್ಸ್ ಸರ್ ಬಂದು ಕೇಸು ನೋಡಿ, ಇಂಗ್ರಿಡ್ ಜೊತೆ ಎರಡು ಮಾತಾಡಿ, "ಬೇಕಾದರೆ ಕರೆ" ಎಂದು ಪಕ್ಕದ ಥಿಯೇಟರಿಗೆ ಹೋದರು. ಬಾಗಿಲು ಮುಚ್ಚಿಕೊಂಡಿತು. ನಾನು ಆ ಬಾಗಿಲನ್ನೇ ನೋಡುತ್ತಿದ್ದೆ. ನಮ್ಮಲ್ಲಿ ಎಲ್ಲವೂ ಶುರುವಾಗುವುದು ಬಾಗಿಲು ತೆರೆದಾಗ, ಡಾಕ್ಟರು ಒಳಗೆ ಬಂದಾಗ. ಇಲ್ಲಿ ಅವರು ಹೊರಗೆ ಹೋದ ಮೇಲೆ ಕೆಲಸ ಶುರುವಾಯಿತು.

ಇಂಗ್ರಿಡ್ ಮುದುಕನ ಮುಖದ ಮೇಲೆ ಬಾಗಿ ಏನೋ ಕೇಳಿದಳು. ಅವನು ಯೋಚಿಸಿ, ಗೊಗ್ಗರು ದನಿಯಲ್ಲಿ ಉತ್ತರಿಸಿದ. ಫರೀದಾ ನನ್ನ ಕಿವಿಯಲ್ಲಿ ಕನ್ನಡ ಮಾಡಿದಳು: "ನಿದ್ದ್ಯಾಗ ಯಾವ ಊರಿಗೆ ಹೋಗ್ತಿ ಅಂತ ಕೇಳಿದ್ಲು. ಮೀನ ಹಿಡಿಯೋ ಕೆರಿಗೆ ಅಂದಾ. ಯಾರ್ ಜೋಡಿ ಅಂದ್ಲು. ಒಬ್ಬನ ಅಂದಾ."

ಹಾಲಿನಂಥ ಬಿಳಿ ಔಷಧಿ ನಳಿಕೆಯಲ್ಲಿ ಇಳಿಯಿತು. ಇಂಗ್ರಿಡ್ ರೆಪ್ಪೆಗೂದಲು ಸವರಿ ನೋಡಿದಳು, ಗದ್ದ ಮೇಲೆತ್ತಿದಳು, ಮುಖವಾಡ ಒತ್ತಿ ಗಾಳಿ ಕೊಟ್ಟಳು. ಇದೆಲ್ಲ ನನಗೆ ಗೊತ್ತಿದ್ದದ್ದೇ, ಸಾವಿರ ಸಲ ನೋಡಿದ್ದೇ. ಆದರೂ ಬೆನ್ನ ಹಿಂದೆ ಕಟ್ಟಿಕೊಂಡಿದ್ದ ನನ್ನ ಕೈಬೆರಳುಗಳು ತಮ್ಮಷ್ಟಕ್ಕೆ ಗದ್ದ ಎತ್ತುವ ಆಕಾರಕ್ಕೆ ಬಾಗಿದ್ದವು.

ಕಾಫಿ ಕೋಣೆ

ಸ್ವೀಡನ್ನಿನಲ್ಲಿ ಕಾಫಿಯ ಹೊತ್ತು ಪೂಜೆಯ ಹೊತ್ತಿನಷ್ಟು ಗಟ್ಟಿ. ಸರ್ಜನ್ನು, ನರ್ಸು, ನೆಲ ಒರೆಸುವಾತ ಎಲ್ಲ ಒಂದೇ ಮೇಜಿನ ಸುತ್ತ. ನಾನು ಒಯ್ದಿದ್ದ ಕಟಕ ರೊಟ್ಟಿ ನೋಡಿ ಇಂಗ್ರಿಡ್ ಹಿಗ್ಗಿದಳು. ಅವರಲ್ಲಿಯೂ ಹೀಗೆಯೇ ಒಣಗಿಸಿ ತಿಂಗಳುಗಟ್ಟಲೆ ಇಡುವ ಗರಿಗರಿ ರೊಟ್ಟಿ ಇದೆ. ಅದಕ್ಕೆ ಹಚ್ಚಿದಂತೆಯೇ ಇದಕ್ಕೂ ಬೆಣ್ಣೆ ಹಚ್ಚಿ, ಮೇಲೆ ಶೇಂಗಾ ಚಟ್ನಿ ಉದುರಿಸಿಕೊಂಡು ತಿಂದಳು. ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಇನ್ನೊಂದು ಕೇಳಿದಳು.

"ನಿನಗೆ ಇದು ಯಾಕೆ ಬೇಕು? ಈ ಕೆಲಸ?" ಎಂದು ಕೇಳಿದಳು.

ನಾನು ಗಲಗಲಿಯ ಹೆಂಗಸಿನ ಕಥೆ ಹೇಳಿದೆ.

ನಮ್ಮ ಕಡೆ ಅರಿವಳಿಕೆಯ ಡಾಕ್ಟರು ಊರಿಗೊಬ್ಬರೂ ಇಲ್ಲ. ನಮ್ಮ ಆಸ್ಪತ್ರೆಗೆ ಬರುವವರು ಕಾರಿನಲ್ಲೇ ಬದುಕುವ ಮನುಷ್ಯ. ಬೆಳಿಗ್ಗೆ ಬೀಳಗಿ, ಆಮೇಲೆ ಮುಧೋಳ, ಸಂಜೆಗೆ ಬನಹಟ್ಟಿ, ನಡುವೆ ನಮ್ಮ ಜಮಖಂಡಿ. ಊಟ ಕಾರಿನಲ್ಲಿ, ನಿದ್ದೆ ಕಾರಿನಲ್ಲಿ. ಬಹಳ ಒಳ್ಳೆಯವರು. ಆ ದಿನ ಗಲಗಲಿಯಿಂದ ಹೆರಿಗೆಗೆ ಬಂದಿದ್ದವಳಿಗೆ ತಕ್ಷಣ ಹೊಟ್ಟೆ ಕೊಯ್ದು ಮಗುವನ್ನು ತೆಗೆಯಬೇಕಾಗಿತ್ತು. ಡಾಕ್ಟರು ಹೊರಟಿದ್ದರು. ಕಬ್ಬಿನ ಹಂಗಾಮು. ಹಿಪ್ಪರಗಿಯ ಹತ್ತಿರ ಜೋಡಿ ಟ್ರೇಲರಿನ ಟ್ರ್ಯಾಕ್ಟರೊಂದು ಮಗುಚಿ ರಸ್ತೆಯ ತುಂಬ ಕಬ್ಬು ಬಿದ್ದಿತ್ತು. ಹಿಂದೆಯೂ ಟ್ರ್ಯಾಕ್ಟರು, ಮುಂದೆಯೂ ಟ್ರ್ಯಾಕ್ಟರು. ಅವರು ಕಾರು ಅಲ್ಲೇ ಬಿಟ್ಟು, ಕಬ್ಬಿನ ಮೇಲೆ ಹತ್ತಿ ದಾಟಿ, ಯಾರದೋ ಬೈಕಿನ ಹಿಂದೆ ಕೂತು ಬಂದರು. ಅವರು ಬರುವ ತನಕ, ಧೋತರವನ್ನು ಮುಷ್ಟಿಯಲ್ಲಿ ಹಿಡಿದ ಅವಳ ಮಾವ ಥಿಯೇಟರಿನ ಬಾಗಿಲಲ್ಲಿ, "ಡಾಕ್ಟರ್ ಬಂದ್ರೇನು ಬಾಯಾರ?" ಎಂದು ಕೇಳುತ್ತಲೇ ಇದ್ದ. ಔಷಧಿ ತುಂಬಿದ ಸಿರಿಂಜುಗಳನ್ನು ನಾನೇ ಸಾಲಾಗಿ ಜೋಡಿಸಿಟ್ಟಿದ್ದೆ. ಕಲಿಸಿದ್ದರೆ ನನ್ನ ಕೈಯಲ್ಲೇ ಆಗುತ್ತಿದ್ದ ಕೆಲಸ. ತಾಯಿ ಉಳಿದಳು. ಮಗು ಉಳಿಯಲಿಲ್ಲ.

ನಾನು ಮುಗಿಸಿದಾಗ ಇಂಗ್ರಿಡ್ 'ಷುಪ್' ಎಂದು ಉಸಿರು ಒಳಗೆಳೆದುಕೊಂಡಳು.

ಆಮೇಲೆ ಅವಳು ನನಗೆ ದಾರಿ ವಿವರಿಸಿದಳು. ಮೊದಲು ಭಾಷೆ, ಪೇಷಂಟಿನ ಭಯ ಅರ್ಥವಾಗುವಷ್ಟು ಭಾಷೆ. ಆಮೇಲೆ ನನ್ನ ನರ್ಸಿಂಗ್ ಓದನ್ನು ಇಲ್ಲಿಯವರು ಪರೀಕ್ಷಿಸಿ ಒಪ್ಪಬೇಕು. ಆಮೇಲೆ ವಾರ್ಡಿನಲ್ಲಿ ದುಡಿಮೆ. ಕೊನೆಗೆ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷದ ವಿಶೇಷ ಓದು. ಇಲ್ಲಿ ಇಂಥ ನರ್ಸುಗಳು ಸಾಲುತ್ತಿಲ್ಲ; ಓದು ಮುಗಿಸಿದವರು ಕೆಲಸಕ್ಕಾಗಿ ಅಲೆಯಬೇಕಾಗಿಲ್ಲ.

"ಅಷ್ಟರಲ್ಲಿ ನನಗೆ ಐವತ್ತು ಹತ್ತಿರ ಬಂದಿರುತ್ತದೆ" ಎಂದೆ.

"ಬರಲಿ. ಹೇಗೂ ಬರುತ್ತದಲ್ಲ" ಎಂದಳು ಇಂಗ್ರಿಡ್.

'ಆಗುವುದಿಲ್ಲ' ಎಂದಿದ್ದರೆ ಎಷ್ಟು ಸುಲಭವಿತ್ತು! ಆಗುತ್ತದೆ ಎಂಬ ಮಾತೇ ಮುಂದಿನ ದಿನಗಳಲ್ಲಿ ನನ್ನ ಅನ್ನ ನಿದ್ದೆ ಕೆಡಿಸಿತು.

ಬಸ್ ಸ್ಟಾಪಿನ ಗಾಜು

ಹಗಲು ಕರಗಿದ ಹಿಮ ಸಂಜೆಗೆ ಹೆಪ್ಪುಗಟ್ಟಿ ನೆಲಕ್ಕೆ ಗಾಜು ಹಾಸಿದಂತಾಗುತ್ತದೆ. ಊರಿನವರು ಬೂಟಿನ ಕೆಳಗೆ ಮುಳ್ಳಿನ ಪಟ್ಟಿ ಕಟ್ಟಿಕೊಂಡು ತಿರುಗುತ್ತಾರೆ. ಫರೀದಾ ನನಗೂ ಕೊಟ್ಟಿದ್ದಳು. ನಾನು ಅವನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ. ಬಸ್ ಹತ್ತಲು ಒಂದು ಹೆಜ್ಜೆ ಇಟ್ಟದ್ದಷ್ಟೇ ನೆನಪು. ಬಲಗೈ ಊರಿ ಬಿದ್ದೆ. ಮಣಿಕಟ್ಟು ಇರಬೇಕಾದ ಕಡೆ ಇರಲಿಲ್ಲ.

ಸಾಲಿನಲ್ಲಿ ದೂರ ದೂರ ನಿಂತಿದ್ದ ಆ ಮೌನದ ಜನ ಒಮ್ಮೆಲೇ ಹತ್ತಿರ ಬಂದರು. ಒಬ್ಬಾಕೆ ತನ್ನ ಕೊರಳಿನ ಉಣ್ಣೆ ಶಾಲು ಬಿಚ್ಚಿ ನನ್ನ ಕೈಗೆ ಜೋಳಿಗೆ ಕಟ್ಟಿದಳು. ಡ್ರೈವರು ಬಸ್ಸು ನಿಲ್ಲಿಸಿ ಇಳಿದು ಬಂದ, ಆಂಬುಲೆನ್ಸ್ ಬರುವ ತನಕ ಹೊರಡಲಿಲ್ಲ. ಒಳಗಿದ್ದ ಯಾರೂ ತಡವಾಯಿತೆಂದು ಗೊಣಗಲಿಲ್ಲ. ನಮ್ಮ ಕಡೆಯಾಗಿದ್ದರೆ ಇಷ್ಟೇ ಜನ ಬರುತ್ತಿದ್ದರು, ಜೊತೆಗೆ ಪ್ರತಿಯೊಬ್ಬರೂ ಒಂದೊಂದು ಔಷಧಿ ಹೇಳುತ್ತಿದ್ದರು. ಇಲ್ಲಿ ಯಾರೂ ಏನೂ ಹೇಳಲಿಲ್ಲ. ಆ ನೋವಿನಲ್ಲೂ ಯಾರಾದರೂ ಏನಾದರೂ ಹೇಳಲಿ ಎಂದು ಕಾಯುತ್ತಿದ್ದೆ.

ಮರುದಿನ ಬೆಳಿಗ್ಗೆ ಆಪರೇಷನ್. ಕೈಗಷ್ಟೇ ಜೋಮು ಹಿಡಿಸಬಹುದು, ಪೂರ್ತಿಯೂ ಮಲಗಿಸಬಹುದು, ಯಾವುದು ಬೇಕು ಎಂದು ಲಾರ್ಸ್ ಸರ್ ಕೇಳಿದರು.

"ಪೂರ್ತಿ" ಎಂದೆ.

ಫರೀದಾ ಸಿಟ್ಟಾದಳು. "ಹುಚ್ಚ ಹಿಡದೈತೇನ ಬೇ? ಕೈಗಷ್ಟ ಕೊಟ್ರ ಸಾಕಾಗ್ತೈತಿ."

"ಇಷ್ಟ ಮಂದೀನ್ನ ಮಲಗಸೋದ ನೋಡೇನಿ. ಹೆಂಗಿರ್ತೈತಿ ಅಂತ ನಂಗೂ ಗೊತ್ತಾಗ್ಲಿ."

ಹೀಗೆ ನಾನು ನೋಡಲು ಬಂದ ಮೇಜಿನ ಮೇಲೆ ನಾನೇ ಮಲಗಿದೆ. ಕೆಳಗಿನಿಂದ ನೋಡಿದರೆ ಥಿಯೇಟರು ಬೇರೆಯೇ ಜಾಗ. ಮುಖಗಳೆಲ್ಲ ತಲೆಕೆಳಗು, ದೀಪ ಸೂರ್ಯನಷ್ಟು. ಇಂಗ್ರಿಡ್ ತಲೆಯ ಬದಿಗೆ, ಫರೀದಾ ಅವಳ ಪಕ್ಕ. ಯಾವ ಊರಿಗೆ ಹೋಗುತ್ತೀ ಎಂದು ಇಂಗ್ರಿಡ್ ಕೇಳಿದಳು. ನಾನು ಯೋಚಿಸಿದೆ. ರಬಕವಿಯ ನಮ್ಮ ಓಣಿ ಕಣ್ಣಿಗೆ ಬಂತು, ಮಗ್ಗದ ಸಪ್ಪಳ ಬಂತು; ಅದರ ಜೊತೆಗೇ, ಈ ಕೋಣೆಯನ್ನು ಬಿಟ್ಟು ಎಲ್ಲಿಗೂ ಹೋಗಬಾರದು ಎಂತಲೂ ಅನಿಸಿತು. ಉತ್ತರ ಹೇಳುವ ಮೊದಲೇ ಎಡಗೈ ಉರಿಯತೊಡಗಿತು. ಆ ಹಾಲಿನಂಥ ಔಷಧಿ ಇಷ್ಟು ಉರಿಯುತ್ತದೆಂದು ನನಗೆ ಗೊತ್ತಿರಲಿಲ್ಲ. "ಉರಿತೈತ್ರಿ" ಎಂದ ಎಷ್ಟು ಜನಕ್ಕೆ "ಏನಾಗಂಗಿಲ್ರಿ, ಸುಮ್ನಿರ್ರಿ" ಎಂದಿದ್ದೇನೋ!

ಆಮೇಲೆ ಏನೂ ಇಲ್ಲ. ಕತ್ತಲೆ ಕೂಡ ಇಲ್ಲ.

ಎಚ್ಚರವಾದಾಗ ಕೈ ಬಿಳಿ ಪಟ್ಟಿಯಲ್ಲಿತ್ತು. ಫರೀದಾಳ ಕಣ್ಣುಗಳು ಕೆಂಪಾಗಿದ್ದವು.

"ಏನರ ಮಾತಾಡಿದ್ನೇನ?" ಎಂದೆ. ಏಳುವಾಗ ಜನ ಏನೇನೋ ಬಡಬಡಿಸುವುದು ನಮಗೆ ಗೊತ್ತಲ್ಲ.

"ಹೂಂ."

"ಏನಂದೆ?"

ಅವಳು ನನ್ನ ಹೊದಿಕೆ ಸರಿಮಾಡಿದಳು. "'ಡಾಕ್ಟರ್ ಬಂದ್ರೇನು, ಡಾಕ್ಟರ್ ಬಂದ್ರೇನು' ಅಂತ ಕೇಳಾಕತ್ತಿದ್ದಿ. ಇಂಗ್ರಿಡ್ ಏನ ಹೇಳಾಕತ್ತಾಳ ಅಂತ ಕೇಳಿದ್ಲು. ಹೇಳಿದ್ನಿ. ಆಕಿ ನಿನ್ನ ಹಣಿ ಮ್ಯಾಲ ಕೈ ಇಟ್ಕೊಂಡು ನಿಂತಬಿಟ್ಲು."

ನದಿ

ಊರಿನ ನಡುವೆ ಹರಿಯುವ ನದಿ ದಂಡೆಯಿಂದ ಹೆಪ್ಪುಗಟ್ಟುತ್ತ ಬರುತ್ತಿತ್ತು. ನಡುವೆ ಇನ್ನೂ ಕರಿ ನೀರು. ಹಿಪ್ಪರಗಿ ಬ್ಯಾರೇಜಿನಲ್ಲಿ ನಿಂತ ಕೃಷ್ಣೆಯಷ್ಟೇ ಅಗಲ ಇರಬೇಕು. ಆದರೆ ಬಟ್ಟೆ ಒಗೆಯುವವರಿಲ್ಲ, ಎಮ್ಮೆಗಳಿಲ್ಲ, ಬೈಕು ತೊಳೆಯುವ ಹುಡುಗರಿಲ್ಲ. ದಂಡೆಯುದ್ದಕ್ಕೂ ಬಿಳಿ ತೊಗಟೆಯ ಬರ್ಚ್ ಮರಗಳು, ಎಲೆ ಇಲ್ಲದೆ.

ಕೈ ಜೋಳಿಗೆಯಲ್ಲಿಟ್ಟುಕೊಂಡು, ಬೂಟಿಗೆ ಮುಳ್ಳು ಪಟ್ಟಿ ಕಟ್ಟಿಕೊಂಡು, ಫರೀದಾಳ ತೋಳು ಹಿಡಿದು ನಡೆದೆ. ಹಿಂದಿನ ದಿನ ನಮ್ಮ ಮನೆಯವರ ಜೊತೆ ಫೋನಿನಲ್ಲಿ ಮಾತಾಗಿತ್ತು. ಅವರದು ರಬಕವಿಯಲ್ಲಿ ಪವರ್‌ಲೂಮು, ಸೀರೆ ನೇಯುತ್ತಾರೆ. ದಾರಿ ಇದೆ ಎಂದು ಇಂಗ್ರಿಡ್ ಹೇಳಿದ್ದನ್ನೆಲ್ಲ ಹೇಳಿದ್ದೆ.

ಅವರು ಕೇಳಿಸಿಕೊಂಡು, "ನೀ ಹೋಗೋದಾದ್ರ ನಾ ಬ್ಯಾಡ ಅನ್ನಂಗಿಲ್ಲ" ಎಂದಿದ್ದರು. "ಬೇಕಾದ್ರ ಮಗ್ಗ ಮಾರಿ ನಾನೂ ಬರ್ತೀನಿ. ಆದ್ರ ಅಲ್ಲೆ ನಾ ದಿನಾ ಏನ ಮಾಡ್ಲಿ, ಅದೊಂದ ಹೇಳ."

ವ್ಯಂಗ್ಯ ಇರಲಿಲ್ಲ ಆ ಮಾತಿನಲ್ಲಿ. ನಿಜವಾಗಿಯೂ ಕೇಳಿದ್ದರು.

ಫರೀದಾಳಿಗೆ ಇದನ್ನು ಹೇಳಿದೆ. ಅವಳು ಇಷ್ಟು ದಿನ ನನ್ನನ್ನು ಬಾ ಬಾ ಎಂದವಳು, ಈಗ ಒತ್ತಾಯ ಮಾಡಲಿಲ್ಲ.

"ಒಂದ ಹೇಳ್ಲಿ? ಮೊನ್ನೆ ಕನಸಿನಾಗ ಅಮ್ಮೀ ಬಂದಿದ್ಲು." ಫರೀದಾಳ ತಾಯಿ ತೀರಿಕೊಂಡು ಕೆಲವು ವರ್ಷಗಳಾಗಿವೆ. "ಮುಧೋಳದ ಮನ್ಯಾಗ ಒಲಿ ಮುಂದ ಕುಂತಾಳ. ನನ್ನ ಜೋಡಿ ಮಾತಾಡಿದ್ಲು ಗಿರಿಜಾ, ಸ್ವೀಡಿಷ್‌ನಾಗ! ಪಟಪಟ ಮಾತಾಡಾಕತ್ತಿದ್ಲು. ಆಕಿಗೆ ತನ್ನ ಸಹಿ ಮಾಡಾಕ ಸೈತ ಬರ್ತಿರಲಿಲ್ಲ. ನಂಗ ಎದಿ ಒಡದಂಗ ಆತು. ನಮ್ಮ ಅಮ್ಮೀನ್ನ ಇವರು ಕಸಗೊಂಡ್ರಲ್ಲ ಅನಿಸ್ತು."

"ಹಂಗಾರ ತಿರುಗಿ ಬಾ."

"ಬಂದ್ರ? ಅಲ್ಲೆ ಈ ಕೆಲಸ ಯಾರ ಕೊಡ್ತಾರ ನಂಗ?" ಅವಳು ನೀರಿನ ಕಡೆ ನೋಡುತ್ತ ನಿಂತಳು. "ಪೇಷಂಟ್ ಮಲಗಿದಾಗ, ಅವರ ಉಸರ ನನ್ನ ಕೈಯಾಗ ಬರ್ತೈತಿ ನೋಡ, ಆವಾಗಷ್ಟ ಏನೂ ನೆನಪಾಗಂಗಿಲ್ಲ. ಅದನ್ನ ಬಿಟ್ಟ ಹೆಂಗ ಬರ್ಲಿ?"

ನನಗೆ ಅವತ್ತು ಗೊತ್ತಾಯಿತು, ನಾನು ಬರುವುದಿಲ್ಲ ಎಂದು. ಧೈರ್ಯ ಸಾಲದೆ ಅಲ್ಲ, ವಯಸ್ಸಿಗಾಗಿಯೂ ಅಲ್ಲ. ನಾನು ಈ ಕೆಲಸವನ್ನು ಎಣಿಸಿಕೊಂಡಾಗಲೆಲ್ಲ ಮೇಜಿನ ಮೇಲೆ ಕಾಣುತ್ತಿದ್ದದ್ದು ಗಲಗಲಿಯವಳು, ತೇರದಾಳದಿಂದ ಬಂದ ಯಾರೋ ಒಬ್ಬಳು, ನಮ್ಮ ಓಣಿಯ ಮುದುಕಿ. ಇಂಗ್ರಿಡ್‌ಳ ಥಿಯೇಟರಿನಲ್ಲಿ ಅವರು ಯಾರೂ ಬಂದು ಮಲಗುವುದಿಲ್ಲ. ನಮ್ಮಲ್ಲಿ ಅವರು ಮಲಗುತ್ತಾರೆ, ಆದರೆ ಆ ಕೆಲಸ ನನ್ನದಲ್ಲ. ಎರಡನ್ನೂ ಕೂಡಿಸುವ ಊರು ಇನ್ನೂ ಇಲ್ಲ. ನಾನು ಬದುಕಿರುವಾಗ ಆದೀತೋ ಏನೋ.

ಹೊರಡುವ ದಿನ ಇಂಗ್ರಿಡ್ ಸ್ಟೇಷನ್ನಿಗೆ ಬಂದಿದ್ದಳು. ತಬ್ಬಿಕೊಳ್ಳುವಾಗ ನನ್ನ ಮುರಿದ ಕೈಯನ್ನು ತನ್ನ ಅಂಗೈಯಲ್ಲಿ ಎತ್ತಿ ಹಿಡಿದಿದ್ದಳು, ಎಲ್ಲೂ ತಾಕದ ಹಾಗೆ.

ಜಮಖಂಡಿ ಬಸ್ ಸ್ಟ್ಯಾಂಡು

ಕೈ ಕೂಡಿಕೊಂಡಿತು. ನಾನು ಮತ್ತೆ ಕೆಲಸಕ್ಕೆ ಹೋಗತೊಡಗಿದೆ. ನಮ್ಮ ಅರಿವಳಿಕೆಯ ಡಾಕ್ಟರು ಉಮೆಯೋದ ಕಥೆಗಳನ್ನು ಕೇಳಿ, "ನಮ್ಮಲ್ಲೂ ಹಂಗ ಆಗ್ಬೇಕ್ರೀ ಸಿಸ್ಟರ್, ನಾ ಒಬ್ಬಾಂವ ಎಷ್ಟ ಕಡೆ ಓಡ್ಲಿ?" ಎಂದರು, ಅನ್ನುತ್ತಲೇ ಕಾರು ಹತ್ತಿದರು.

ಬೇಸಿಗೆ ಬಂದು ಬಿಸಿಲು ಚುರುಗುಡುವ ಹೊತ್ತಿಗೆ, ಒಂದು ಮಧ್ಯಾಹ್ನ, ಡ್ಯೂಟಿ ಮುಗಿಸಿ ರಬಕವಿ ಬಸ್ಸಿಗೆ ಕಾಯುತ್ತಿದ್ದಾಗ ಫರೀದಾಳ ಫೋನು ಬಂತು. ಅವಳ ಓದು ಮುಗಿದಿತ್ತು. ಆ ಬೆಳಿಗ್ಗೆ ಮೊದಲ ಸಲ ಪೇಷಂಟಿನ ತಲೆಯ ಬದಿಗೆ ಅವಳೊಬ್ಬಳೇ ನಿಂತಿದ್ದಳು. ಇಂಗ್ರಿಡ್ ಕೂಡ ಪಕ್ಕದಲ್ಲಿರಲಿಲ್ಲ.

"ಹೆಂಗಾತ ಹೇಳ. ಎಲ್ಲಾ ಹೇಳ" ಎಂದೆ.

ಅವಳು ಹೇಳಿದಳು. ಯಾರು, ಎಷ್ಟು ಅಂಜಿದ್ದರು, ಸೂಜಿ ಎಲ್ಲಿ ಸಿಕ್ಕಿತು, ಗದ್ದ ಎತ್ತಿದಾಗ ಗಾಳಿ ಹೇಗೆ ಸರಾಗ ಹೋಯಿತು. ನಾನು ಒಂದೊಂದನ್ನೂ ಬಿಡಿಸಿ ಬಿಡಿಸಿ ಕೇಳಿದೆ. ಬೆರಳು ಎಲ್ಲಿಟ್ಟಿದ್ದಿ, ಕೈ ನಡುಗಿತೇನು, ಮಲಗಿದ ಮೇಲೆ ಮೊದಲು ಏನು ನೋಡಿದಿ. ಕೇಳಿದ್ದು ಸಂತೋಷಕ್ಕೋ ಹೊಟ್ಟೆಕಿಚ್ಚಿಗೋ. ಎರಡೂ ಇದ್ದವು.

ಅಷ್ಟರಲ್ಲಿ ನನ್ನ ಹಿಂದೆ ಒಂದು ಬಸ್ಸು ಬಂದು ನಿಂತಿತು. ಕಂಡಕ್ಟರು ಬಾಗಿಲಲ್ಲಿ ಜೋತು ಬಿದ್ದು ಕೂಗತೊಡಗಿದ: "ಮುಧೋಳ, ಮುಧೋಳ, ಮುಧೋಳ! ಯಾರರೀ ಮುಧೋಳ?"

ಫೋನಿನಲ್ಲಿ ಫರೀದಾಳ ಮಾತು ನಿಂತುಹೋಯಿತು.

"ಹಲೋ?" ಎಂದೆ.

"ತಡಿ, ಮಾತಾಡಬ್ಯಾಡ. ಫೋನ್ ಆ ಕಡೆ ಹಿಡಿ."

ನಾನು ಫೋನನ್ನು ಕಿವಿಯಿಂದ ತೆಗೆದು ಕಂಡಕ್ಟರಿನ ಕಡೆಗೆ ಎತ್ತಿ ಹಿಡಿದೆ. ಅವನು ಒಂದು ಕ್ಷಣ ನನ್ನನ್ನು ವಿಚಿತ್ರವಾಗಿ ನೋಡಿ, ಮತ್ತೆ ಕೂಗಿದ. ಮುಧೋಳ, ಮುಧೋಳ. ಶೇಂಗಾ ಮಾರುವವಳು, ಅಳುವ ಕೂಸು, ಹಾರ್ನು, ಧೂಳು. ಎದುರಿಗೆ ನನ್ನ ರಬಕವಿ ಬಸ್ಸು ಬಂದು, ತುಂಬಿಕೊಂಡು, ಹೊರಟು ಹೋಯಿತು. ನಾನು ಅಲುಗಲಿಲ್ಲ. ಕೊನೆಗೆ ಮುಧೋಳದ್ದೂ ಹೊರಟಿತು.

ಫೋನು ಕಿವಿಗೆ ಹಚ್ಚಿದೆ.

"ಹೋತೇನು?" ಎಂದು ಕೇಳಿದಳು ಫರೀದಾ.

"ಹೋತು."

"ಮತ್ತೊಂದ ಯಾವಾಗ ಐತಿ?"

"ಈಗ ಬರ್ತೈತಿ."

"ನಿಂದರ್ತಿಯೇನ?"

"ನಿಂದರ್ತೀನಿ" ಎಂದೆ.